ಹಿತ್ತಲ ಮೆಟ್ಟಿಲ ಮೇಲೆ ಉಂಡ ಕಾಕಾ

ನಮ್ಮ ಮನೆಯಲ್ಲಿ ಐದು ತಾಟುಗಳಿದ್ದವು. ನಾಲ್ಕು ಅಡಿಗೆಮನೆಯ ಸ್ಟ್ಯಾಂಡಿನಲ್ಲಿ ಇರುತ್ತಿದ್ದವು. ಐದನೆಯದು ಬಚ್ಚಲ ಗೋಡೆಯ ಗೂಡಿನಲ್ಲಿ, ಬಟ್ಟೆ ಒಗೆಯುವ ಸಬಕಾರಕ್ಕೂ ಅಪ್ಪನ ಹಲ್ಲುಪುಡಿಯ ಡಬ್ಬಿಗೂ ನಡುವೆ ಇರುತ್ತಿತ್ತು. ಅದು ನನ್ನ ಕಾಕಾ, ಅಪ್ಪನ ತಮ್ಮ ಮಲ್ಲೇಶಿಯ ತಾಟು. ರವಿವಾರ ಮಧ್ಯಾಹ್ನ ಕಾಕಾ ಬಂದಾಗ ಅದನ್ನು ತೆಗೆದು, ಮೇಲೆ ಕೂತ ಹಲ್ಲುಪುಡಿಯನ್ನು ಊದಿ, ಒಮ್ಮೆ ನೀರಲ್ಲಿ ಅದ್ದಿ ಹಿತ್ತಲ ಮೆಟ್ಟಿಲ ಮೇಲೆ ಇಡುವುದು ನನ್ನ ಕೆಲಸವಾಗಿತ್ತು. ನಾನೀಗ ಮಡಗಾಂವಿನಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಊರವರ ಕಫ, ಮೂತ್ರ, ಮಲ ಎಲ್ಲ ನನ್ನ ಕೈ ದಾಟಿಯೇ ಹೋಗುತ್ತವೆ. ಇಷ್ಟು ವರ್ಷಗಳಲ್ಲಿ ಒಂದು ದಿನವೂ ಹೊಟ್ಟೆ ತೊಳಸಿಲ್ಲ. ಆದರೆ ಆ ಗೂಡು, ಅದರಲ್ಲಿ ಗೋಡೆಗೆ ಒರಗಿ ನಿಂತ ಆ ತಾಟು ನೆನಪಾದರೆ ಈಗಲೂ ಬಾಯಿಗೆ ಎತ್ತಿದ ತುತ್ತನ್ನು ಕೆಳಗಿಡುತ್ತೇನೆ.

ಅಪ್ಪ ಮತ್ತು ಕಾಕಾ ವಿಜಾಪುರದ ಕಡೆಯಿಂದ ಒಂದೇ ಬಸ್ಸಿನಲ್ಲಿ ಗೋವಾಕ್ಕೆ ಬಂದವರು. ಅಪ್ಪನಿಗೆ ವೆರ್ಣಾದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಕಾಕಾ ಸಾಂಕೋಲೆಯ ಒಂದು ಕಾರ್ ಗ್ಯಾರೇಜಿಗೆ ಸೇರಿದ. ಆ ಗ್ಯಾರೇಜಿನ ಮಾಲೀಕನನ್ನು ಎಲ್ಲರೂ ಪಾತ್ರಾಂವ್ ಎನ್ನುತ್ತಿದ್ದರು. ಅವನಿಗೆ ರೇಸಿನ ಹುಚ್ಚು. ರಸ್ತೆಯ ಮೇಲೆ ಮನೆಮಂದಿ ಓಡಿಸುವಂಥ ಮಾಮೂಲಿ ಕಾರನ್ನೇ ತಂದು, ಒಳಗಿನ ಸೀಟು ಕಿತ್ತುಹಾಕಿ, ಕಬ್ಬಿಣದ ಪಂಜರ ಬೆಸೆದು, ಲಾರಿಯ ಮೇಲೆ ಹೇರಿಕೊಂಡು ವರ್ಷಕ್ಕೆ ಮೂರ್ನಾಲ್ಕು ಸಲ ಚೆನ್ನೈ ಕಡೆಯ ಟ್ರ್ಯಾಕಿಗೆ ಹೋಗುತ್ತಿದ್ದ. ಅದಕ್ಕೆ ಸಲೂನ್ ಕಾರ್ ರೇಸ್ ಎನ್ನುತ್ತಾರೆ. ಮೊದಲು ಪಾತ್ರಾಂವನೇ ಓಡಿಸುತ್ತಿದ್ದ. ಒಂದು ದಿನ ಬ್ರೇಕು ಸರಿಮಾಡಿದ ಮೇಲೆ ಕಾಕಾ ಗುಡ್ಡದ ರಸ್ತೆಯಲ್ಲಿ ಕಾರನ್ನು ಒಂದು ಸುತ್ತು ತಿರುಗಿಸಿ ತಂದ. ಕೈಯಲ್ಲಿ ಗಡಿಯಾರ ಹಿಡಿದು ನಿಂತಿದ್ದ ಪಾತ್ರಾಂವ್ ತನ್ನ ಹೆಲ್ಮೆಟ್ಟನ್ನು ಕಾಕಾನ ತಲೆಗೆ ಇಟ್ಟನಂತೆ. ಅಲ್ಲಿಂದ ಎಂಟು ವರ್ಷ ಆ ಕಾರನ್ನು ಓಡಿಸಿದವನು ನನ್ನ ಕಾಕಾ.

ಈ ಸುದ್ದಿ ಊರಿಗೆ ಮುಟ್ಟಿದ್ದು ಅರ್ಧ ಮಾತ್ರ. ನನ್ನ ಆಯಿ, ಎಂದರೆ ಅಪ್ಪನ ಅವ್ವ, ನಮ್ಮ ಜೊತೆಗೇ ಇದ್ದಳು. ಊರಿನಿಂದ ಅವಳ ತಂಗಿ ಫೋನು ಮಾಡಿ ಕೇಳಿದಳು:

"ಅಲ್ಲವಾ, ಮಲ್ಲೇಶಿ ಸಲೂನ್ ಗಾಡ್ಯಾಗ ಅದಾನಂತಲ್ಲ? ಕಟಿಂಗ್ ಅಂಗಡಿ ತಗದಾನೇನು ಗೋವಾದಾಗ?"

ಆಯಿ ಎರಡು ದಿನ ಉಣ್ಣಲಿಲ್ಲ. ತನ್ನ ಮಗ ಮಂದಿಯ ತಲೆ ಬೋಳಿಸುತ್ತಾನೆ ಎಂದು ನೆಂಟರೆಲ್ಲ ಆಡಿಕೊಳ್ಳುತ್ತಿದ್ದಾರೆ ಎಂದು ಗೋಡೆಗೆ ಮುಖ ಮಾಡಿ ಅತ್ತಳು. ಕೊನೆಗೆ ಅಪ್ಪ ಅವಳೆದುರು ಕೂತು ಬಿಡಿಸಿ ಹೇಳಿದ: ಅದು ಕ್ಷೌರದ ಅಂಗಡಿಯಲ್ಲ, ಜೀವ ಕೈಯಲ್ಲಿ ಹಿಡಿದು ಓಡಿಸುವ ಗಾಡಿ, ಪಲ್ಟಿಯಾದರೆ ಮನುಷ್ಯ ಉಳಿಯುವುದಿಲ್ಲ. ಆಯಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಹಂಗಾರ ಚಲೋ ಆತು ಬಿಡು," ಎಂದಳು. "ಮರ್ಯಾದಿ ಉಳೀತು."

ಆಗ ನಾನು ನಕ್ಕಿದ್ದೆ. ನನಗೆ ಎಂಟು ವರ್ಷ.

ಆ ನಗು ಬಹಳ ದಿನ ಉಳಿಯಲಿಲ್ಲ. ಕಾಕಾ ಆಗ ನಮ್ಮ ಜೊತೆಗೇ, ಮುಂದಿನ ಕೋಣೆಯಲ್ಲಿ ಮಲಗುತ್ತಿದ್ದ. ನಮ್ಮದು ಕೆಂಪು ಕಲ್ಲಿನ ಗೋಡೆ, ತಗಡಿನ ಮಾಡು, ರೈಲಿನ ಡಬ್ಬಿಯ ಹಾಗೆ ಒಂದರ ಹಿಂದೆ ಒಂದು ಮೂರು ಕೋಣೆಗಳ ಬಾಡಿಗೆ ಮನೆ. ಮುಂದೆ ಟಿವಿ, ದೇವರ ಜಗಲಿ, ನಡುವೆ ಅಡಿಗೆಮನೆ, ಹಿಂದೆ ಬಚ್ಚಲು, ಅದನ್ನು ದಾಟಿದರೆ ಹಿತ್ತಲ ಬಾಗಿಲು, ಎರಡು ಮೆಟ್ಟಿಲು, ಗೇರು ಗಿಡಗಳು. ಕೆಲಸ ಹೆಚ್ಚಾದಂತೆ ಕಾಕಾ ಗ್ಯಾರೇಜಿನ ಹತ್ತಿರವೇ ಒಂದು ಕೋಣೆ ಹಿಡಿದ. ಆ ಮನೆಯ ಒಡತಿ ರೊಜಿಟಾ ಎಂಬ ಕ್ರಿಸ್ತಾಂವ್ ವಿಧವೆ. ಗ್ಯಾರೇಜಿನವರಿಗೆ ಮಧ್ಯಾಹ್ನದ ಊಟ ಮಾಡಿಕೊಡುತ್ತಿದ್ದಳು. ಒಂದು ವರ್ಷದಲ್ಲಿ ಅವರಿಬ್ಬರೂ ಕೂಡಿ ಇರತೊಡಗಿದರು. ಅದನ್ನು ಮನೆಯವರು ಹೇಗೋ ನುಂಗಿಕೊಳ್ಳುತ್ತಿದ್ದರೇನೋ. ಆದರೆ ಅಪ್ಪನ ಕಂಪನಿ ಬಸ್ಸಿನಲ್ಲಿ ಬರುವ ಒಬ್ಬ, ಮಲ್ಲೇಶಿ ರೊಜಿಟಾಳ ಮೇಜಿನ ಮುಂದೆ ಕೂತು ಮೀನು ಬಿಡಿಸಿ ತಿನ್ನುವುದನ್ನು ಕಣ್ಣಾರೆ ಕಂಡೆ ಎಂದು ಬಸ್ಸಿನಲ್ಲೇ ಎಲ್ಲರಿಗೂ ಕೇಳುವಂತೆ ಹೇಳಿದ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಮನೆ. ತತ್ತಿಯ ಹೆಸರೆತ್ತಿದರೂ ಆಯಿ ಬಾಯಿ ಮುಕ್ಕಳಿಸುವವಳು. ಆ ಸಂಜೆ ನಡೆದ ಜಗಳದಲ್ಲಿ ಕಾಕಾ ಸುಳ್ಳು ಹೇಳಲಿಲ್ಲ. ಹೌದು, ತಿಂದೆ, ಮೀನೂ ತಿಂದೆ, ಮಾಂಸವೂ ತಿಂದೆ ಎಂದ. ಅಪ್ಪ ಅವನ ಅಂಗಿ ಹಿಡಿದು ಬಾಗಿಲ ತನಕ ನೂಕಿದ. ಕೊನೆಯ ತೀರ್ಪು ಆಯಿಯದು.

"ಹೊಲಸು ತಿಂದ ಬಾಯಿ. ಹೆತ್ತ ತಪ್ಪಿಗೆ ಬರಬ್ಯಾಡ ಅನ್ನಾಕ ಬರೂದಿಲ್ಲ. ಬರ್ಲಿ, ಹಿಂದ ಕುಂದರ್ಲಿ, ಉಣ್ಲಿ. ಹೊಸ್ತಿಲಾ ದಾಟೂದು ಬ್ಯಾಡ."

ಹೀಗೆ ಆ ತಾಟು ಬಚ್ಚಲ ಗೂಡು ಸೇರಿತು. ರವಿವಾರ ಕಾಕಾ ಸ್ಕೂಟರಿನಲ್ಲಿ ಬಂದು, ಮನೆಯನ್ನು ಸುತ್ತುಹಾಕಿ ಹಿತ್ತಲಿಗೆ ಬರುತ್ತಿದ್ದ. ನನ್ನ ಅವ್ವ ಬಾಗಿಲ ಒಳಗೆ ನಿಂತು, ಕೈ ತಾಗದಂತೆ, ಒಂದು ಮೊಳ ಮೇಲಿನಿಂದ ಜೋಳದ ರೊಟ್ಟಿಯನ್ನು ತಾಟಿಗೆ ಬಿಡುತ್ತಿದ್ದಳು. ರೊಟ್ಟಿ ಬಿದ್ದ ಸದ್ದಿಗೆ ತಾಟು ಒಂದು ಕ್ಷಣ ನಡುಗುತ್ತಿತ್ತು. ಅವ್ವ ಕೆಟ್ಟವಳಲ್ಲ. ಪಲ್ಯ ಬಡಿಸುವಾಗ ಎಲ್ಲರಿಗಿಂತ ಒಂದು ಸೌಟು ಅವನಿಗೇ ಹೆಚ್ಚು, ಶೇಂಗಾ ಚಟ್ನಿಯೂ ಹೆಚ್ಚು. ಆದರೆ ಎಲ್ಲವೂ ಮೇಲಿನಿಂದಲೇ. ಕಾಕಾ ನಗುತ್ತಾ ಹೇಳುತ್ತಿದ್ದ:

"ರೊಟ್ಟಿ ಭಾಳ ಚಲೋ ಆಗ್ಯಾವ ವೈನಿ. ಇನ್ನೊಂದು ಒಗೀರಿ."

ಹಾಕಿರಿ ಎನ್ನುತ್ತಿರಲಿಲ್ಲ, ಒಗೀರಿ ಎನ್ನುತ್ತಿದ್ದ. ಆ ಮಾತು ಅವ್ವನಿಗೆ ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ. ಉಂಡು ತನ್ನ ತಾಟನ್ನು ತಾನೇ ತೊಳೆದು ಬಾಗಿಲ ಹತ್ತಿರವಿಟ್ಟು ಅವನು ಹೋದ ಮೇಲೆ, ಆಯಿ ಒಳಗಿನಿಂದ ಒಂದೇ ಮಾತು ಕೂಗುತ್ತಿದ್ದಳು: "ಲೀಲಾ, ಮೆಟ್ಟಲಾ." ನಾನು ಸೆಗಣಿ ನೀರು ತಂದು ಅವನು ಕೂತ ಮೆಟ್ಟಿಲನ್ನು ಸಾರಿಸುತ್ತಿದ್ದೆ. ಆ ಕಲ್ಲಿಗೆ ಇನ್ನೂ ಅವನ ಮೈಯ ಬಿಸಿ ಇರುತ್ತಿತ್ತು. ಆರು ವರ್ಷ ನಾನು ಇದನ್ನು ಮಾಡಿದೆ. ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ.

ಅವನನ್ನು ನಾನು ಪ್ರೀತಿಸುತ್ತಿದ್ದೆ ಎಂದು ಈಗ ಬರೆದರೆ ಯಾರು ನಂಬಬೇಕು? ಆದರೂ ಅದು ಖರೆ. ಊಟವಾದ ಮೇಲೆ ಕಾಕಾ ಗೇರು ಗಿಡದ ಕೆಳಗಿನ ಕೆಂಪು ಮಣ್ಣಿನಲ್ಲಿ ಕಡ್ಡಿಯಿಂದ ಟ್ರ್ಯಾಕು ಬರೆಯುತ್ತಿದ್ದ. ಪ್ರತಿ ತಿರುವಿಗೂ ಅವನೇ ಹೆಸರಿಟ್ಟಿದ್ದ: ಮುದುಕಿ, ಹಾವು, ಅತ್ತೆಮನೆ. ಎಲ್ಲಿ ಗಾಡಿಯ ಗೇರ್ ಇಳಿಸಬೇಕು, ಎಲ್ಲಿ ಮುಂದಿನವನನ್ನು ಹೋಗಗೊಟ್ಟು ಕಾಯಬೇಕು ಎಂದು ಹೇಳುತ್ತಿದ್ದ. ಮಳೆ ಇಲ್ಲದ ರವಿವಾರ ಅಪ್ಪನ ಕಣ್ಣು ತಪ್ಪಿಸಿ ನನ್ನನ್ನು ಗ್ಯಾರೇಜಿನ ಹಳೆಯ ಕಾರಿನಲ್ಲಿ ವೆರ್ಣಾಕ್ಕೆ ಕರೆದೊಯ್ಯುತ್ತಿದ್ದ. ರಜೆಯ ದಿನ ಕಾರ್ಖಾನೆಗಳ ನಡುವಿನ ಅಗಲ ರಸ್ತೆಗಳಲ್ಲಿ ನಾಯಿಗಳನ್ನು ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಅಲ್ಲಿ ನನಗೆ ಸ್ಟೇರಿಂಗ್ ಕೊಟ್ಟು, ತಾನು ಪಕ್ಕದಲ್ಲಿ ಕೈಕಟ್ಟಿ ಕೂರುತ್ತಿದ್ದ.

"ತಿರುವು ಬಂತಂದ್ರ ಎಲ್ಲಾರೂ ತಿರುವು ನೋಡ್ತಾರ ಲೀಲವ್ವಾ. ನೀ ಅದನ್ನ ನೋಡಬ್ಯಾಡ. ತಿರುವು ದಾಟಿದ ಮ್ಯಾಲೆ ಹೋಗೂ ದಾರಿ ನೋಡು. ಕಣ್ಣು ಎತ್ತಾಗೋ ಗಾಡಿ ಅತ್ತಾಗ."

"ನಿನಗ ಹೆದರಿಕಿ ಬರೂದಿಲ್ಲೇನ ಕಾಕಾ?"

"ಬರತೈತಿ. ಹೆದರಿಕಿ ಬರದಾವ ಬ್ರೇಕ್ ಒತ್ತೂದಿಲ್ಲ. ಬ್ರೇಕ್ ಒತ್ತದಾವ ಗೆಲ್ಲೂದಿಲ್ಲ."

ರಸ್ತೆಯಲ್ಲಿ ಅವನಷ್ಟು ನಿಧಾನ ಓಡಿಸುವವರನ್ನು ನಾನು ಮತ್ತೆ ಕಂಡಿಲ್ಲ. ಕೋಳಿ ಅಡ್ಡ ಬಂದರೂ ನಿಲ್ಲಿಸಿ, ಅದರ ಮರಿಗಳೆಲ್ಲ ದಾಟಿದವೇ ಎಂದು ಎಣಿಸಿ ಹೊರಡುತ್ತಿದ್ದ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಕಾಕಾ ಆ ವರ್ಷದ ದೊಡ್ಡ ರೇಸು ಗೆದ್ದ. ಪತ್ರಿಕೆಯಲ್ಲಿ ಫೋಟೊ ಬಂತು. ಅಪ್ಪ ಆ ಪತ್ರಿಕೆಯ ಹತ್ತು ಪ್ರತಿ ತಂದು ಓಣಿಯಲ್ಲೆಲ್ಲ ಹಂಚಿದ, ಪೇಢೆ ಕೊಟ್ಟ, ಕಂಪನಿ ಬಸ್ಸಿನಲ್ಲಿ ಅವತ್ತು ಮೀನಿನ ಸುದ್ದಿ ಹೇಳಿದವನಿಗೂ ತಾನೇ ಪೇಢೆ ತಿನ್ನಿಸಿದ. ಮುಂದಿನ ರವಿವಾರ ಕಾಕಾ ತಾನು ಗೆದ್ದ ಬೆಳ್ಳಿಬಣ್ಣದ ಕಪ್ಪನ್ನು ತಂದ. ಅದನ್ನು ತನ್ನ ಅಣ್ಣನ ಮನೆಯಲ್ಲಿ ಇಡಬೇಕೆಂದು ಅವನ ಆಸೆ. ಹಿತ್ತಲ ಬಾಗಿಲಲ್ಲಿ ಅಪ್ಪ ಅದನ್ನು ಎರಡೂ ಕೈಯಲ್ಲಿ ಈಸಿಕೊಂಡ. ಆಯಿ ಕಪ್ಪಿನ ಮೇಲೆ ಗೋಮೂತ್ರ ಚಿಮುಕಿಸಿದಳು, ಕುಂಕುಮ ಹಚ್ಚಿದಳು, ದೇವರ ಜಗಲಿಯ ಮೇಲೆ ಇಡಿಸಿದಳು. ಅದನ್ನು ನೋಡಲು ಓಣಿಯ ಜನ ಮುಂಬಾಗಿಲಿನಿಂದ ಒಳಗೆ ಬಂದು ಹೋದರು, ಚಹಾ ಕುಡಿದರು. ಅದನ್ನು ಗೆದ್ದವನು ಹಿಂದೆ ಮೆಟ್ಟಿಲ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದ. ಮುಂದಿನ ಕೋಣೆಯಲ್ಲಿ ತನ್ನ ಹೆಸರು ಕೇಳಿಬಂದಾಗ ಅವನು ಕತ್ತು ಸ್ವಲ್ಪ ಓರೆ ಮಾಡಿ ಆಲಿಸುತ್ತಿದ್ದ. ಒಳಗೆ ಪೇಢೆ ಹಂಚುತ್ತಿದ್ದವಳು ನಾನು. ಒಂದು ಪೇಢೆ ಒಯ್ದು ಅವನ ತಾಟಿಗೂ ಬಿಟ್ಟೆ, ಮೇಲಿನಿಂದ.

ನಾನು ಹತ್ತನೆಯ ತರಗತಿ ಪಾಸಾದ ರವಿವಾರ ಅವ್ವ ಅಂಗಡಿಗೆ ಹೋಗಿದ್ದಳು, ಅಪ್ಪ ಓವರ್‌ಟೈಮ್ ಡ್ಯೂಟಿಗೆ ಹೋಗಿದ್ದ, ಆಯಿ ಮಲಗಿದ್ದಳು. ಇದನ್ನು ಯಾಕೆ ಹೇಳುತ್ತೇನೆಂದರೆ, ಆಗ ನನ್ನನ್ನು ನೋಡುವವರು ಯಾರೂ ಇರಲಿಲ್ಲ. ಕಾಕಾ ಉಂಡಾದ ಮೇಲೆ ಬಾಳೆಲೆಯಲ್ಲಿ ಸುತ್ತಿದ ಒಂದು ಪೊಟ್ಟಣ ನನ್ನ ಕೈಗಿಟ್ಟ. ಒಳಗೆ ದೊದೊಲ್, ಗೋವಾದ ಕಡುಗಪ್ಪು ಮೆತ್ತನೆಯ ಸಿಹಿ.

"ರೊಜಿಟಾ ಕಳಿಸ್ಯಾಳ. ನೀ ಪಾಸಾದಿ ಅಂತ ಮುಂಜಾನಿಂದ ಒಲಿ ಮುಂದ ನಿಂತು ತಿರುವಾಕತ್ತಿದ್ಲು. ತತ್ತಿ ಗಿತ್ತಿ ಏನಿಲ್ಲವ್ವಾ ಇದರಾಗ. ನಾ ಅಲ್ಲೇ ನಿಂತು ನೋಡೀನಿ. ಅಕ್ಕಿ ಹಿಟ್ಟು, ಬೆಲ್ಲ, ಕಾಯಿ ಹಾಲು, ಅಷ್ಟ."

"ಹೂಂ ಕಾಕಾ. ಆಮ್ಯಾಲೆ ತಿಂತೇನಿ."

ನಾನು ಅದನ್ನು ಹಿಡಿದು ಬಚ್ಚಲಿನ ಹೊರಗಿನ ಚರಂಡಿಯ ಹತ್ತಿರ ಹೋದೆ. ಎಲೆಯನ್ನು ಮಗುಚಿ ಕೊಡವಿದೆ. ಅದು ಜಿಗುಟು, ಬೀಳಲಿಲ್ಲ. ಬೆರಳಿನಿಂದ ಕೆರೆದು ಬೀಳಿಸಬೇಕಾಯಿತು. ಬೆರಳಿಗೆ ಅಂಟಿದ್ದನ್ನು ಕಂಡು ಮೈ ಜುಮ್ಮೆಂದಿತು. ಅವಳ ಒಲೆ, ಅವಳ ಸೌಟು, ಅದರಲ್ಲೇ ಏನೇನು ಬೇಯಿಸಿದ್ದಳೋ ಎಂದುಕೊಂಡು ಬಟ್ಟೆಯ ಸಬಕಾರ ತೆಗೆದು ಮೊಣಕೈ ತನಕ ಉಜ್ಜಿದೆ. ತೊಳೆದೆ, ಮತ್ತೆ ಉಜ್ಜಿದೆ. ತಿರುಗಿ ನೋಡಿದರೆ ಕಾಕಾ ಎಂಜಲು ತಾಟು ಹಿಡಿದು ನಿಂತಿದ್ದ. ತಾಟು ತೊಳೆಯಲು ಬಂದಿದ್ದ. ಚರಂಡಿಯನ್ನೂ ನೋಡಿದ, ನನ್ನ ಕೈಯನ್ನೂ ನೋಡಿದ.

"ಸಬಕಾರ ಅಷ್ಟ್ ಹಚ್ಚಬ್ಯಾಡವ್ವಾ," ಎಂದ. "ಕೈ ಒಡೀತಾವ."

ತಾಟು ತೊಳೆದಿಟ್ಟು ಹೋದ. ಹೇಸಿಗೆ ನನಗೆ ಹಿರಿಯರು ಕಲಿಸಿದ್ದು ನಿಜ. ಆದರೆ ಅವತ್ತು ಅದು ನನ್ನ ಸ್ವಂತದ್ದಾಗಿತ್ತು.

ಆ ಮಳೆಗಾಲದಲ್ಲೇ ಕಾಕಾ ತೀರಿಕೊಂಡ. ಟ್ರ್ಯಾಕಿನಲ್ಲಲ್ಲ. ಗ್ಯಾರೇಜಿನಲ್ಲಿ ಕಾರಿನ ಕೆಳಗೆ ಇಳಿದು ಕೆಲಸ ಮಾಡುವ ಗುಂಡಿಯಲ್ಲಿ ಮಳೆನೀರು ನಿಂತಿತ್ತು. ಕಾಲಿಗೆ ಗಾಯ ಇತ್ತು, ಇಲಿಜ್ವರ ಹತ್ತಿತು. ಐದನೆಯ ದಿನ ಆಸ್ಪತ್ರೆಯಲ್ಲಿ ಹೋಗಿಬಿಟ್ಟ. ಆ ಐದೂ ದಿನ ಪಕ್ಕದಲ್ಲಿದ್ದವಳು ರೊಜಿಟಾ. ಆದರೆ ಹೆಣವನ್ನು ಅಣ್ಣನೆಂದು ಸಹಿ ಹಾಕಿ ತಂದವನು ಅಪ್ಪ. ಆರು ವರ್ಷದ ಮೇಲೆ ಕಾಕಾ ನಮ್ಮ ಮುಂಬಾಗಿಲಿನಿಂದ ಒಳಗೆ ಬಂದ. ನಮ್ಮ ಪದ್ಧತಿಯಂತೆ ಅವನನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಹೂವು ಮುಡಿಸಿದರು. ಆಯಿ ಅವನ ಗಲ್ಲ ಹಿಡಿದು, "ನನ್ನ ಕೂಸ, ಬಾಯಿ ತಗಿಯೋ, ಒಂದು ತುತ್ತು ಉಣ್ಣೋ," ಎಂದು ಗೋಳಾಡಿದಳು. ಬದುಕಿದ್ದಾಗ ಹೊಲಸಾಗಿದ್ದ ಆ ಬಾಯನ್ನು ಸತ್ತ ಮೇಲೆ ಕೈಯಿಂದ ಸವರಿದಳು. ಅಳು ಬರಲಿಲ್ಲ ನನಗೆ. ಅಸಹ್ಯವಾಯಿತು. ಎದ್ದು ಹೊರಗೆ ಬಂದರೆ ಮಳೆಯಲ್ಲಿ ರೊಜಿಟಾ ಹೂವಿನ ಚೀಲ ಹಿಡಿದು ನಿಂತಿದ್ದಳು. ಅಪ್ಪ ಅವಳ ಮುಂದೆ ಕೈಮುಗಿದಿದ್ದ.

"ತಪ್ಪ ತಿಳ್ಕೋಬ್ಯಾಡ್ರಿ ರೊಜಿಟಾಬಾಯಿ. ಒಳಗ ಅಯ್ಯನೋರು ಬಂದಾರ. ನಮ್ಮ ಪದ್ಧತಿ ನಿಮಗ ಗೊತ್ತಲ್ರಿ."

ಅವಳು ಚೀಲವನ್ನು ನಮ್ಮ ಕಂಪೌಂಡ್ ಗೋಡೆಯ ಮೇಲಿಟ್ಟು ಹೋದಳು. ಅದನ್ನು ಯಾರೂ ಒಳಗೆ ತರಲಿಲ್ಲ. ನಾನೂ ತರಲಿಲ್ಲ.

ಹದಿನೈದು ದಿನದ ಮೇಲೆ ಪಾತ್ರಾಂವ್ ಗ್ಯಾರೇಜಿನ ಶೆಡ್ಡಿನಲ್ಲಿ ಒಂದು ಸಭೆ ಕರೆದ. ಗ್ರೀಸು ತೊಳೆದು, ಕುರ್ಚಿ ಹಾಕಿ, ಕಾಕಾನ ಫೋಟೊ ಇಟ್ಟಿದ್ದರು. ಅವನ ಜೊತೆ ರೇಸಿನಲ್ಲಿ ಓಡಿಸಿದವರು ದೂರದೂರದಿಂದ ಬಂದಿದ್ದರು. ಒಬ್ಬ ಹಿಂದಿಯಲ್ಲಿ ಹೇಳಿದ: ರೇಸಿಗೆ ಅರ್ಧ ತಾಸಿದ್ದಾಗ ನನ್ನ ಕ್ಲಚ್ ಕೇಬಲ್ ಹರಿಯಿತು, ಮಲ್ಲೇಶ್ ತನ್ನ ಹತ್ತಿರವಿದ್ದ ಒಂದೇ ಕೇಬಲ್ಲನ್ನು ತಂದು ತಾನೇ ಹಾಕಿಕೊಟ್ಟ, ಆಮೇಲೆ ನನ್ನನ್ನೇ ಸೋಲಿಸಿದ, ಸಂಜೆ ಬಂದು ಕೇಬಲ್ ವಾಪಸ್ ಕೇಳಿದ. ಎಲ್ಲರೂ ನಕ್ಕರು, ಹೇಳಿದವನು ಕಣ್ಣೊರೆಸಿಕೊಂಡ. ಅವರು ಹೇಳಿದ್ದೆಲ್ಲ ಖರೆಯ ನೆನಪುಗಳು. ಆಮೇಲೆ ಅಪ್ಪ ಎದ್ದ.

"ನಾನು, ನನ್ನ ತಮ್ಮ, ಸಾಯೂತನಕ ಒಂದ ತಾಟಿನ್ಯಾಗ ಉಂಡವರ್ರಿ."

ಅವ್ವ ನೆಲ ನೋಡಿದಳು. ನನಗೆ ಬಾಯಲ್ಲಿ ಹುಳಿ ನೀರು ಬಂತು. ಎದ್ದು ಕೂಗಿಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಪಾತ್ರಾಂವ್ ನನ್ನ ಕೈ ಹಿಡಿದು ಎಬ್ಬಿಸಿದ. ಮಲ್ಲೇಶ್ ದಿನಾ ಈ ಹುಡುಗಿಯ ಮಾತೇ ಆಡುತ್ತಿದ್ದ, ಇವಳೂ ನಾಲ್ಕು ಮಾತು ಹೇಳಲಿ ಎಂದ. ನಾನು ಎಲ್ಲರ ಮುಂದೆ ನಿಂತೆ. ಖರೆ ಹೇಳಲೆಂದೇ ಬಾಯಿ ತೆರೆದೆ. ಬಂದ ಮಾತು ಇದು:

"ನಾ ಹತ್ತನೇತ್ತಾ ಪಾಸಾದಾಗ ಕಾಕಾ ದೊದೊಲ್ ತಂದಿದ್ದ. ಅಲ್ಲೇ ಕುಂತು ಪೂರಾ ತಿಂದೆ. ಅಷ್ಟ ಚಲೋ ಸಿಹಿ ನಾ ಎಂದೂ ತಿಂದಿಲ್ಲ."

ಚಪ್ಪಾಳೆ ಬಿತ್ತು. ಅಪ್ಪ ಹೆಮ್ಮೆಯಿಂದ ನನ್ನನ್ನು ನೋಡಿದ. ಶೆಡ್ಡಿನೊಳಗೆ ಹಿಂದುಗಡೆ, ಟೈರುಗಳ ಪಕ್ಕ ನಿಂತಿದ್ದ ರೊಜಿಟಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಹೊರಡುವಾಗ ನನ್ನ ಹತ್ತಿರ ಬಂದು ತಲೆ ಸವರಿ, "ಮನೆಗೆ ಬಾ ಗೋ ಬಾಯ್," ಎಂದಳು. ಗೋ ಬಾಯ್ ಎಂದರೆ ಕೊಂಕಣಿಯಲ್ಲಿ ಮಗಳೇ ಎಂದಂತೆ. ಅಪ್ಪನ ಸುಳ್ಳಿಗೆ ಬಾಯಲ್ಲಿ ಹುಳಿ ನೀರು ಬಂದಿತ್ತು. ನನ್ನ ಸುಳ್ಳಿಗೆ ಏನೂ ಬರಲಿಲ್ಲ. ಅಷ್ಟು ಸಲೀಸಾಗಿ ಹೇಳಿದ್ದೆ.

ಒಂದು ವಾರ ತಡೆದುಕೊಂಡೆ. ಆಮೇಲೆ ಎಲ್ಲವನ್ನೂ ಹೇಳಿಬಿಡಬೇಕೆಂದು ಅವಳ ಮನೆಗೆ ಹೋದೆ. ಹಳೆಯ ಸಣ್ಣ ಮನೆ, ಮುಂದೆ ಬಾವಿ. ರೊಜಿಟಾ ನನ್ನನ್ನು ಕಂಡವಳೇ ಕೈ ಹಿಡಿದು ನೇರ ಅಡಿಗೆಮನೆಗೆ ಕರೆದೊಯ್ದು ಕೂರಿಸಿದಳು. ಕಾಕಾ ಮತ್ತು ಗ್ಯಾರೇಜಿನವರಿಂದ ಕಲಿತ ಕನ್ನಡ ಅವಳದು.

"ಬಸ್ ಗೋ ಬಾಯ್, ಕುಂದರು. ಊಟ ಮಾಡಿ ಹೋಗ್ಬೇಕು. ನಿಂಗೆ ಬ್ಯಾರೆ ಮಾಡ್ತೀನಿ, ಹೊಸಾ ಪಾತೇಲಿದಾಗ. ಅರ್ಧಾ ತಾಸು."

ಅವಳು ಅಂಗಡಿಯ ಚೀಟಿ ಇನ್ನೂ ಅಂಟಿದ್ದ ಪಾತೇಲಿ ತೆಗೆದು, ತೊಳೆದು, ಅನ್ನ ಮಾಡಿದಳು, ಬೇಳೆ ಬೇಯಿಸಿದಳು. ಎರಡನ್ನೂ ನನ್ನ ಮುಂದಿಟ್ಟು ಎದುರು ಕೂತಳು. ನಾನು ಒಂದು ತುತ್ತು ಕಲಸಿ ಬಾಯಿಗಿಟ್ಟೆ. ಅದರಲ್ಲಿ ಏನೂ ಇಲ್ಲವೆಂದು ಗೊತ್ತು, ನನ್ನ ಕಣ್ಣೆದುರೇ ಬೆಂದದ್ದು. ಎರಡನೆಯ ತುತ್ತು ನುಂಗಿದೆ. ಮೂರನೆಯದಕ್ಕೆ ಎದ್ದು ಓಡಿದೆ. ಬಾವಿಕಟ್ಟೆಯ ತನಕವೂ ಹೋಗಲಾಗಲಿಲ್ಲ, ಹೊಸ್ತಿಲ ಮೇಲೆಯೇ ಎಲ್ಲ ಹೊರಬಂತು. ಬಾಚಲು ಬಗ್ಗಿದವಳನ್ನು ರೊಜಿಟಾ ಭುಜ ಹಿಡಿದು ಹಿಂದೆ ಸರಿಸಿ, ತಾನೇ ಬೂದಿ ಹಾಕಿ, ನೀರು ಸುರಿದು ತೊಳೆದಳು. ನಾನು ಬಾವಿಕಟ್ಟೆಯ ಮೇಲೆ ಕೂತೆ. ಅವಳು ಪೊರಕೆ ಇಟ್ಟು ಬಂದು ನನ್ನನ್ನು ನೋಡಿದಳು. ನಾನು ಹೇಳಬೇಕಾದ್ದನ್ನು ಅವಳೇ ಕೇಳಿದಳು.

"ದೊದೊಲ್ ನೀ ತಿನ್ನಲಿಲ್ಲ. ಹೌದಲ್ಲಾ?"

ನಾನು ಹೌದೆಂದು ತಲೆಯಾಡಿಸಿದೆ.

"ಪೂರಾ ತಿಂದ್ಲು, ಮತ್ತೆ ಬೇಕಂದ್ಲು, ಅಂತ ನನ್ ಮುಂದೆ ಹೇಳ್ದ ಅಂವಾ."

ಅವಳ ಮುಖ ಇಳಿದುಹೋಯಿತು. ನನ್ನಿಂದ ಸ್ವಲ್ಪ ದೂರ, ಬಾವಿಯ ಆಚೆ ಬದಿಗೆ ಕೂತಳು. ನನ್ನನ್ನು ಬಯ್ದು ಕಳಿಸುತ್ತಾಳೆ ಎಂದುಕೊಂಡೆ. ಬಯ್ದಿದ್ದರೆ ಹಗುರವಾಗುತ್ತಿತ್ತು.

"ಅಂವಾ ಭೀ ಹಿಂಗ ಇದ್ದ," ಎಂದಳು ಕೊನೆಗೆ. "ಮೊದ್ಲ ಆರ್ ತಿಂಗಳಾ. ನನ್ ಕೈಯ್ದು ಬರೇ ಅನ್ನ ತಿಂದ್ರೂ ಇಲ್ಲಿ ಬಂದು ಹೊರಗ್ ಹಾಕ್ತಿದ್ದ. ಯಾಕೋ ಇಷ್ಟ್ ತ್ರಾಸ್ ಮಾಡ್ಕೋತಿ, ಹೋಟೆಲ್ದಾಗ ತಿನ್ನು ಅಂತ ನಾ ಹೇಳ್ದೆ. ಏನಂದ ಗೊತ್ತೈತಿ? ನೀ ಮಾಡಿದ್ದು ಉಣಲಿಲ್ಲಂದ್ರ ನಾ ಈ ಮನಿಯಾಗ ಬರೇ ಬಾಡಿಗಿದಾರ ಆಗ್ತೀನಿ, ಅಂದ."

ಆ ಮಾತು ಕೇಳಿ ನನಗೆ ಅಳು ಬಂತು. ಕಾಕಾ ಸತ್ತ ಮೇಲೆ ಅದೇ ಮೊದಲು. ನಮ್ಮ ಮನೆಯಲ್ಲಿ ಎಲ್ಲರೂ ತಿಳಿದದ್ದು ಅವನು ನಾಲಗೆಯ ಚಪಲಕ್ಕೆ ಕೆಟ್ಟನೆಂದು. ನನ್ನ ಹೊಟ್ಟೆಯಲ್ಲಿದ್ದದ್ದೇ ಅವನ ಹೊಟ್ಟೆಯಲ್ಲೂ ಇತ್ತು. ಅವನು ಅದರ ಜೊತೆ ಆರು ತಿಂಗಳು, ದಿನಾ ಎರಡು ಹೊತ್ತು, ಗುದ್ದಾಡಿದ್ದ. ನಾನು ಮೂರು ತುತ್ತಿಗೆ ಎದ್ದಿದ್ದೆ.

ನೀರು ಬೇಕು ಎಂದೆ. ಅವಳು ಬಾವಿಯಿಂದ ಸೇದಿ ಲೋಟದಲ್ಲಿ ಕೊಟ್ಟಳು. ಪೂರ್ತಿ ಕುಡಿದೆ. ಅದು ಹೊಟ್ಟೆಯಲ್ಲಿ ಉಳಿಯಿತು. ಹೊರಡುವಾಗ ಮತ್ತೆ ಬಾ ಎಂದು ರೊಜಿಟಾ ಹೇಳಲಿಲ್ಲ. ಮುಂದಿನ ರವಿವಾರ ನಾನಾಗಿಯೇ ಹೋದೆ. ಎಲ್ಲಿಗೆ ಹೋಗಿದ್ದಿ ಎಂದು ಅವ್ವ ಕೇಳಿದಾಗ ಗೆಳತಿಯ ಮನೆಗೆ ಎಂದೆ. ಖರೆ ಹೇಳುವ ಧೈರ್ಯ ಅವತ್ತಿಗೂ ಇರಲಿಲ್ಲ. ರೊಜಿಟಾಳ ಕೈಯ ಅನ್ನ ನನ್ನ ಹೊಟ್ಟೆಯಲ್ಲಿ ನಿಲ್ಲಲು ಮಳೆಗಾಲ ಮುಗಿಯಬೇಕಾಯಿತು.